ಶಂಖದೊಳಗೆ ಯಾರಿದ್ದರು?

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹವ್ಯಕರ ಮನೆಗಳಲ್ಲಿ ಮೊಟ್ಟೆ ಹೊಸಿಲು ದಾಟೋದಿಲ್ಲ. ಪೇಟೆಯಿಂದ ತಂದ ಬಿಸ್ಕೀಟಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯಾ ಅಂತ ಈಗಲೂ ತಿರುಗಿಸಿ ನೋಡುತ್ತಾರೆ. ಕೇಕಿನ ವಿಷಯದಲ್ಲಂತೂ ಎರಡೆರಡು ಸಲ ಕೇಳುತ್ತಾರೆ. ಆದರೆ ಅದೇ ಮನೆಯ ಅತ್ಯಂತ ಮಡಿಯ ಜಾಗದಲ್ಲಿ, ದೇವರ ಪೀಠದ ಪಕ್ಕದಲ್ಲಿ, ಒಂದು ಪ್ರಾಣಿಯ ದೇಹದ ಭಾಗ ಕೂತಿರುತ್ತದೆ. ಅದರಲ್ಲಿ ನೀರು ತುಂಬಿ ದೇವರಿಗೆ ಎರೆಯುತ್ತೇವೆ, ಅದೇ ನೀರನ್ನು ನಮ್ಮ ತಲೆಗೂ ಪ್ರೋಕ್ಷಿಸಿಕೊಳ್ಳುತ್ತೇವೆ. ಶಂಖದ ಮಾತು ಹೇಳ್ತಾ ಇದ್ದೇನೆ.

ಶಂಖ ಕಲ್ಲಲ್ಲ, ಲೋಹವೂ ಅಲ್ಲ. ಟರ್ಬಿನೆಲ್ಲಾ ಪೈರಮ್ ಅನ್ನೋ ಹೆಸರಿನ ಮೃದ್ವಂಗಿ, ಅಂದರೆ ನಮ್ಮ ತೋಟದ ಬಸವನಹುಳುವಿನ ದೂರದ ದಾಯಾದಿ, ತನ್ನ ಮೈಯಿಂದಲೇ ಸುಣ್ಣ ಒಸರಿ, ಸುರುಳಿ ಮೇಲೆ ಸುರುಳಿ ಸೇರಿಸಿ ಕಟ್ಟಿಕೊಂಡ ಮನೆ ಅದು. ಕಟ್ಟಿದ ಯಜಮಾನ ಸಸ್ಯಾಹಾರಿಯೂ ಅಲ್ಲ. ಸಮುದ್ರದ ತಳದ ಮರಳಿನಲ್ಲಿರುವ ಹುಳುಗಳನ್ನು ಹುಡುಕಿ ತಿಂದು ಬದುಕುವ ಜೀವಿ.

ಇದನ್ನು ಕುಹಕಕ್ಕೆ ಹೇಳುತ್ತಿಲ್ಲ. ‘ನೋಡಿ, ನಿಮ್ಮ ಮಡಿ ಎಲ್ಲ ಸುಳ್ಳು’ ಅಂತ ಎರಡು ಸಾಲು ಬರೆದು ಲೈಕ್ ಗಿಟ್ಟಿಸೋದು ಸುಲಭ. ಆ ಆಟ ನನಗೆ ಬೇಡ. ನನ್ನನ್ನು ಕಾಡೋ ಪ್ರಶ್ನೆ ಬೇರೆ. ಕೊಲ್ಲಬೇಡ ಅಂತ ಹೇಳೋ ಧರ್ಮವೊಂದು, ಕೊಂದು ತಂದ ವಸ್ತುವಿನ ಬಾಯಿಂದ ತನ್ನ ಮಾತನ್ನು ಸಾರಬಹುದಾ? ಸಾರಿದರೆ ಆ ಮಾತಿನ ತೂಕ ಕಮ್ಮಿಯಾಗುತ್ತದಾ?

ಈ ಪ್ರಶ್ನೆ ಕೇಳೋಕೆ ನಮ್ಮ ಜಿಲ್ಲೆಗಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಶಿರಸಿಯಿಂದ ಉತ್ತರಕ್ಕೆ ಹೋದರೆ ಮುಂಡಗೋಡ. 1966ರಲ್ಲಿ ಅಲ್ಲಿ ಟಿಬೆಟಿನಿಂದ ಓಡಿ ಬಂದವರಿಗಾಗಿ ವಸತಿ ಶುರುವಾಯಿತು. ಅದರ ಹೆಸರು ದೊಗುಲಿಂಗ್, ನಮ್ಮ ಬಾಯಲ್ಲಿ ಮಾತ್ರ ‘ಟಿಬೆಟಿಯನ್ ಕ್ಯಾಂಪ್’. 1409ರಲ್ಲಿ ಲ್ಹಾಸಾದ ಹತ್ತಿರ ತ್ಸೊಂಗ್‌ಖಾಪಾ ಸ್ಥಾಪಿಸಿದ ಗಾಂದೆನ್ ಮಠ, 1416ರಲ್ಲಿ ಅವರ ಶಿಷ್ಯ ಜಮ್ಯಾಂಗ್ ಚೋಜೆ ಕಟ್ಟಿದ ಡ್ರೆಪುಂಗ್ ಮಠ, ಎರಡೂ 1969ರಲ್ಲಿ ಇಲ್ಲಿ ಮತ್ತೆ ತಲೆಯೆತ್ತಿದವು. ಬಂಗಾಳದ ಬಕ್ಸಾ ಶಿಬಿರದಲ್ಲಿ ಹತ್ತು ವರ್ಷ ಸೆಕೆ, ಕ್ಷಯ ಎಲ್ಲ ಅನುಭವಿಸಿ ಬಂದ ಭಿಕ್ಷುಗಳು ಕಾಡು ಕಡಿದ ನೆಲದಲ್ಲಿ ಮೊದಲಿಂದ ಶುರು ಮಾಡಿದರು. ಹಾಗೆ ನೋಡಿದರೆ ಬುದ್ಧ ನಮ್ಮ ಸೀಮೆಗೆ ಹೊಸಬನೇನಲ್ಲ. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಭಿಕ್ಷುವನ್ನು ವನವಾಸಕ್ಕೆ ಕಳಿಸಿದರು ಅಂತ ಸಿಂಹಳದ ಮಹಾವಂಶ ಹೇಳುತ್ತದೆ. ಆ ವನವಾಸ ನಮ್ಮ ಬನವಾಸಿಯೇ ಅಂತ ವಿದ್ವಾಂಸರ ಅಭಿಪ್ರಾಯ.

ಟಿಬೆಟಿಯನ್ ಸಂಪ್ರದಾಯದಲ್ಲಿ ಶಂಖಕ್ಕೆ ‘ದುಂಗ್‌ಕರ್’ ಅನ್ನುತ್ತಾರೆ. ದುಂಗ್ ಅಂದರೆ ಶಂಖ ಅಥವಾ ಕಹಳೆ, ಕರ್ ಅಂದರೆ ಬಿಳಿ. ಭಿಕ್ಷುಗಳನ್ನು ಪ್ರಾರ್ಥನೆಗೆ ಕರೆಯೋಕೆ ಮಠದ ಮಾಳಿಗೆ ಮೇಲೆ ನಿಂತು ಊದುತ್ತಾರೆ. ದೊಡ್ಡ ಪೂಜೆಗಳಲ್ಲಿ ಎರಡೆರಡನ್ನು ಒಟ್ಟಿಗೆ ಊದೋದುಂಟು. ಎಂಟು ಮಂಗಳ ಚಿಹ್ನೆಗಳಲ್ಲಿ ಇದೂ ಒಂದು. ನಮ್ಮ ಮನೆಯ ಶಂಖಕ್ಕೂ ಅದಕ್ಕೂ ಇರೋ ವ್ಯತ್ಯಾಸ ಕಂಡ ಕೂಡಲೇ ಗೊತ್ತಾಗುತ್ತದೆ. ನಮ್ಮದು ಬರಿಮೈ, ಅವರದಕ್ಕೆ ಒಡವೆ. ಕತ್ತರಿಸಿದ ತುದಿಗೆ ಲೋಹದ ಬಾಯಿ ಕೂರಿಸಿರುತ್ತಾರೆ. ಇನ್ನೊಂದು ಕಡೆ, ಶಂಖದ ತುಟಿಯಿಂದ ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ ಬೆಳ್ಳಿಯದೋ ಚಿನ್ನದ ನೀರು ಕುಡಿಸಿದ ತಾಮ್ರದ್ದೋ ಅಗಲವಾದ ತಗಡು ಹೊರಚಾಚಿರುತ್ತದೆ. ಅದರ ಮೇಲೆ ಡ್ರ್ಯಾಗನ್ನು, ಮೋಡ, ಬಳ್ಳಿ ಇವನ್ನೆಲ್ಲ ಉಬ್ಬು ಕೆತ್ತನೆಯಲ್ಲಿ ಬಿಡಿಸಿ, ನಡುನಡುವೆ ಫಿರೋಜಾ ಹರಳು, ಹವಳ ಕೂರಿಸುತ್ತಾರೆ. ಕೆಳಗೆ ರೇಷ್ಮೆಯ ಪಟ್ಟಿ ತೂಗುತ್ತದೆ. ಹವಳವೂ ಪ್ರಾಣಿಗಳು ಕಟ್ಟಿದ್ದೇ, ರೇಷ್ಮೆ ಎಲ್ಲಿಂದ ಬರುತ್ತದೆ ಅಂತ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಇಷ್ಟೆಲ್ಲ ಸಿಂಗಾರದ ನಡುವೆ ಶಂಖದ ಒಳಗೆ ಒಮ್ಮೆ ಯಾರೋ ವಾಸವಾಗಿದ್ದರು ಅನ್ನೋದು ನೆನಪಾಗೋದೇ ಕಷ್ಟ.

ಈ ಶಂಖಕ್ಕೆ ಅವರಲ್ಲಿ ಒಂದು ಕಥೆಯಿದೆ, ನನಗೆ ಬಹಳ ಇಷ್ಟವಾದದ್ದು. ಬುದ್ಧನಿಗೆ ಜ್ಞಾನೋದಯವಾಯಿತು. ಆದರೆ ಏಳು ವಾರ ಅವನು ಮಾತಾಡಲಿಲ್ಲ. ಹೇಳಿದರೆ ಯಾರಿಗೆ ಅರ್ಥವಾದೀತು ಅಂತ ಸುಮ್ಮನಿದ್ದ. ಆಗ ಬ್ರಹ್ಮ ಸಾವಿರ ಅರೆಗಳ ಬಂಗಾರದ ಚಕ್ರ ತಂದ, ಇಂದ್ರ ಬಿಳಿ ಬಲಮುರಿ ಶಂಖ ತಂದ. ಇಬ್ಬರೂ ಅವನ ಮುಂದೆ ಇಟ್ಟು ‘ದಯವಿಟ್ಟು ಮಾತಾಡು’ ಅಂತ ಬೇಡಿಕೊಂಡರು. ಟಿಬೆಟಿಯನ್ ಪಂಚಾಂಗದ ಆರನೇ ತಿಂಗಳ ನಾಲ್ಕನೇ ದಿನ ಆ ಮೊದಲ ಉಪದೇಶದ ಹಬ್ಬ ಮಾಡುತ್ತಾರೆ. ನಮಗೆ ಶಂಖ ಅಂದ ಕೂಡಲೇ ನೆನಪಾಗೋದು ಕುರುಕ್ಷೇತ್ರ. ಕೃಷ್ಣಾರ್ಜುನರು ಊದಿದರು, ಎದುರಾಳಿಗಳ ಎದೆ ನಡುಗಿತು. ಅಲ್ಲಿ ಶಂಖ ‘ಬಂದೆ ನೋಡು’ ಅನ್ನುತ್ತದೆ. ಇಲ್ಲಿ ಅದು ‘ನೀನು ಹೇಳು, ನಾನು ಕೇಳುತ್ತೇನೆ’ ಅನ್ನುತ್ತದೆ.

ಇಷ್ಟು ಚಂದದ ಅರ್ಥ ಇರುವ ವಸ್ತು ಬರೋದೆಲ್ಲಿಂದ? ಟಿಬೆಟಿಗೆ ಸಮುದ್ರವಿಲ್ಲ. ಈ ಶಂಖಕ್ಕೆ ಹೆಸರಾದ ನೆಲೆ ತಮಿಳುನಾಡು ಮತ್ತು ಶ್ರೀಲಂಕಾದ ನಡುವಿನ ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿ. ಬ್ರಿಟಿಷರ ಕಾಲದಲ್ಲಿ ಮದರಾಸಿನ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ಎಂಬ ಅಧಿಕಾರಿ 1914ರಲ್ಲಿ ಈ ಶಂಖದ ಮೇಲೇ ಒಂದು ಇಡೀ ಪುಸ್ತಕ ಬರೆದಿದ್ದಾನೆ. ತೂತ್ತುಕುಡಿ, ಕೀಳಕ್ಕರೈ ಕಡೆಯ ಮುಳುಗಾಳುಗಳು ಉಸಿರು ಹಿಡಿದು ತಳಕ್ಕಿಳಿದು, ಮರಳಿನಲ್ಲಿ ಅರ್ಧ ಹೂತಿರುವ ಶಂಖಗಳನ್ನು ಹೆಕ್ಕಿ ತರುತ್ತಿದ್ದರು. ತೂತ್ತುಕುಡಿಯ ಪರವರು ಹದಿನಾರನೇ ಶತಮಾನದಿಂದ ಕ್ರೈಸ್ತರು. ಕೀಳಕ್ಕರೈಯ ಮುಳುಗಾಳುಗಳು ಮುಸಲ್ಮಾನರು. ಅವರು ತಂದದ್ದು ಬಂಗಾಳಕ್ಕೆ ಹೋಗಿ ಮದುವೆಯಾದ ಹೆಣ್ಣುಮಕ್ಕಳ ಬಳೆಯಾಗುತ್ತಿತ್ತು, ನಮ್ಮಂಥವರ ದೇವರ ಮನೆ ಸೇರುತ್ತಿತ್ತು, ಹಿಮಾಲಯ ಹತ್ತಿ ಮಠಗಳಿಗೂ ಹೋಗುತ್ತಿತ್ತು. ಒಬ್ಬ ಕ್ರೈಸ್ತನೋ ಮುಸಲ್ಮಾನನೋ ಉಸಿರು ಹಿಡಿದು ತಂದದ್ದನ್ನು ಒಬ್ಬ ಭಿಕ್ಷು ಉಸಿರು ಬಿಟ್ಟು ಊದುತ್ತಾನೆ.

ಇಲ್ಲೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ದಡಕ್ಕೆ ತಾನಾಗಿ ಬಂದು ಬಿದ್ದ ಶಂಖವನ್ನು ಹೆಕ್ಕಿ ತಂದಿರಬಹುದು ಅಂತ ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ವ್ಯಾಪಾರದಲ್ಲಿ ಅಂಥದ್ದಕ್ಕೆ ಬೆಲೆ ಕಮ್ಮಿ. ಪ್ರಾಣಿ ಸತ್ತು ಹೋದ ಮೇಲೆ ಖಾಲಿ ಚಿಪ್ಪು ನೀರಿನಲ್ಲಿ ಬಿದ್ದಿದ್ದರೆ ಹುಳ, ಸ್ಪಂಜು ಇವೆಲ್ಲ ಅದನ್ನು ಕೊರೆದು ತೂತು ಮಾಡುತ್ತವೆ, ಹೊಳಪು ಹೋಗುತ್ತದೆ. ಗಟ್ಟಿಯಾಗಿ, ನುಣ್ಣಗೆ, ಹಾಲುಬಿಳುಪಾಗಿ ಬೇಕೆಂದರೆ ಜೀವ ಇರುವಾಗಲೇ ತರಬೇಕು. ನಾವು ಯಾವುದನ್ನು ‘ದೋಷವಿಲ್ಲದ ಶಂಖ’ ಅನ್ನುತ್ತೇವೋ ಅದು ಹೆಚ್ಚಿನಂಶ ಜೀವ ತೆಗೆದು ತಂದದ್ದು.

ಹಿಂದಿನವರಿಗೆ ಇದು ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು. ನಮ್ಮ ಪುರಾಣಗಳನ್ನೇ ನೋಡಿ. ಕೃಷ್ಣನ ಶಂಖದ ಹೆಸರು ಪಾಂಚಜನ್ಯ. ಯಾಕೆ? ಗುರು ಸಾಂದೀಪನಿಯ ಮಗನನ್ನು ಹುಡುಕಿಕೊಂಡು ಸಮುದ್ರಕ್ಕಿಳಿದ ಕೃಷ್ಣ, ಶಂಖದ ರೂಪದಲ್ಲಿದ್ದ ಪಂಚಜನನೆಂಬ ದೈತ್ಯನನ್ನು ಕೊಂದು ಆ ಶಂಖವನ್ನು ತಂದ ಅಂತ ಭಾಗವತ ಹೇಳುತ್ತದೆ. ಇನ್ನೊಂದು ಬ್ರಹ್ಮವೈವರ್ತ ಪುರಾಣದ ಕಥೆ: ಶಿವ ಶಂಖಚೂಡನೆಂಬ ದಾನವನನ್ನು ಕೊಂದ, ಅವನ ಎಲುಬುಗಳೇ ಶಂಖಗಳಾದವು. ಶಂಖದ ನೀರು ಎಲ್ಲ ದೇವರಿಗೂ ಆಗುತ್ತದೆ, ಶಿವನಿಗೆ ಮಾತ್ರ ಆಗೋದಿಲ್ಲ ಅನ್ನೋ ಮಾತು ಅಲ್ಲಿಂದಲೇ ಬಂದದ್ದು.

ಎರಡು ಕಥೆಗಳೂ ಒಂದು ಸತ್ಯವನ್ನು ಒಪ್ಪಿಕೊಂಡಿವೆ: ಶಂಖದೊಳಗೆ ಒಬ್ಬ ಇದ್ದ, ಅವನನ್ನು ಕೊಂದು ತಂದೆವು. ಆದರೆ ಒಪ್ಪಿಕೊಳ್ಳುವಾಗಲೇ ಒಂದು ಜಾಣತನವನ್ನೂ ಮಾಡಿವೆ. ಒಳಗಿದ್ದವನನ್ನು ರಾಕ್ಷಸ ಮಾಡಿಬಿಟ್ಟಿವೆ. ಸತ್ತವನು ಕೆಟ್ಟವನಾದರೆ ಕೊಂದದ್ದು ಹಗುರವಾಗುತ್ತದೆ. ಮರಳಿನಲ್ಲಿ ತನ್ನ ಪಾಡಿಗೆ ಹುಳ ತಿಂದುಕೊಂಡಿದ್ದ ಬಡಪಾಯಿಗೆ ಕೋರೆಹಲ್ಲು ಹಚ್ಚಿ ದೈತ್ಯನ ವೇಷ ಹಾಕಿದ್ದು ನಾವೇ. ಶಿವನಿಗೆ ಮಾತ್ರ ಆ ನೀರು ಸಲ್ಲದು ಅನ್ನೋದರಲ್ಲಿ ಸ್ವಲ್ಪ ಅಳುಕು ಉಳಿದಿದೆ ಅಂತ ನನಗೆ ಅನ್ನಿಸುತ್ತದೆ. ಕೊಂದವನು ಕೊಂದವನ ಎಲುಬಿನಿಂದ ಸೇವೆ ತೆಗೆದುಕೊಳ್ಳಬಾರದು ಅನ್ನೋ ನಾಚಿಕೆ.

ಬೌದ್ಧರು ಈ ಸಮಸ್ಯೆಯನ್ನು ಇನ್ನೊಂದು ರೀತಿಯಲ್ಲಿ ಎದುರಿಸಿದರು. ಭಿಕ್ಷೆಯಲ್ಲಿ ಮಾಂಸ ಬಂದರೆ ತಿನ್ನಬಹುದಾ? ಪಾಲಿ ಗ್ರಂಥಗಳಲ್ಲಿ ಬುದ್ಧ ಕೊಡೋ ಉತ್ತರಕ್ಕೆ ತ್ರಿಕೋಟಿ ಪರಿಶುದ್ಧಿ ಅನ್ನುತ್ತಾರೆ. ನಿನಗಾಗಿಯೇ ಕೊಂದದ್ದನ್ನು ನೀನು ನೋಡಿರಬಾರದು, ಕೇಳಿರಬಾರದು, ನಿನಗಾಗಿ ಕೊಂದಿರಬಹುದು ಅನ್ನೋ ಅನುಮಾನವೂ ಇರಬಾರದು. ಮೂರೂ ಇಲ್ಲದಿದ್ದರೆ ತಪ್ಪಿಲ್ಲ. ಮನೆಮನೆಗೆ ಹೋಗಿ ಹಾಕಿದ್ದನ್ನು ಉಣ್ಣುವ ಭಿಕ್ಷುವಿಗೆ ಇದು ನ್ಯಾಯವಾದ ನಿಯಮ. ಅವನು ಆರ್ಡರ್ ಮಾಡೋದಿಲ್ಲ, ಬಂದದ್ದನ್ನು ತೆಗೆದುಕೊಳ್ಳುತ್ತಾನೆ.

ನಾವು ಆರ್ಡರ್ ಮಾಡುವವರು. ತೊಂದರೆ ಇರೋದೇ ಇಲ್ಲಿ. ಈ ಕಾಲದ ಯಾವ ವಸ್ತುವೂ ‘ನನಗಾಗಿಯೇ’ ತಯಾರಾಗೋದಿಲ್ಲ. ಗೋದಾಮಿನಲ್ಲಿ ಸಾವಿರ ಇರುತ್ತವೆ, ನಾನು ಒತ್ತಿದ್ದಕ್ಕೆ ಒಂದು ಬರುತ್ತದೆ. ನೋಡಲಿಲ್ಲ, ಕೇಳಲಿಲ್ಲ, ಅನುಮಾನ ಪಡೋಕೆ ಪುರುಸೊತ್ತೂ ಇಲ್ಲ. ಆ ಲೆಕ್ಕದಲ್ಲಿ ನಾವೆಲ್ಲ ದಿನಾಲೂ ತ್ರಿಕೋಟಿ ಪರಿಶುದ್ಧರು! ನನ್ನ ಕೆಲಸದ ಭಾಷೆಯಲ್ಲಿ ಹೇಳೋದಾದರೆ ಇದು ಅಬ್‌ಸ್ಟ್ರಾಕ್ಷನ್. ಯಾರೋ ಬರೆದ ಲೈಬ್ರರಿಯನ್ನು ನಾವು ಬಳಸುತ್ತೇವೆ, ಒಳಗೆ ಏನಾಗುತ್ತದೆ ಅಂತ ನೋಡೋದಿಲ್ಲ. ಹಾಗೆ ನೋಡದೇ ಇರೋದರಿಂದಲೇ ಕೆಲಸ ಬೇಗ ಮುಗಿಯುತ್ತದೆ. ಕೋಡಿನಲ್ಲಿ ಇದು ಸದ್ಗುಣ. ಬದುಕಿನಲ್ಲೂ ಅದನ್ನೇ ಸದ್ಗುಣ ಅಂದುಕೊಂಡರೆ, ಪ್ರತಿ ಪದರವೂ ಕೆಳಗಿನ ಪದರದ ರಕ್ತ ಒರೆಸಿ ಮೇಲಕ್ಕೆ ಕಳಿಸುತ್ತದೆ. ನಮ್ಮ ಕೈಗೆ ಬರುವಾಗ ಬೆಳ್ಳಿಯ ರೆಕ್ಕೆ ಮಾತ್ರ ಕಾಣುತ್ತದೆ.

‘ಶಂಖದಿಂದ ಬಂದರೇ ತೀರ್ಥ’ ಅಂತ ನಮ್ಮಲ್ಲಿ ಗಾದೆಯಿದೆ. ನೀರು ಅದೇ, ಬರೋ ದಾರಿ ದೊಡ್ಡದಾದರೆ ಮರ್ಯಾದೆ. ಆಫೀಸಿನಲ್ಲಿ ಇದು ಎಲ್ಲರಿಗೂ ಅನುಭವದ ಮಾತು. ಹೊಸ ಹುಡುಗಿ ಹೇಳಿದ ಐಡಿಯಾ ಮೀಟಿಂಗಿನಲ್ಲಿ ಯಾರಿಗೂ ಕೇಳೋದಿಲ್ಲ, ಮ್ಯಾನೇಜರ್ ಹೇಳಿದ ಮೇಲೆ ಅದೇ ತೀರ್ಥ. ಗಾದೆ ಶಂಖದ ತನಕ ಮಾತ್ರ ಹೋಗುತ್ತದೆ. ಶಂಖ ಎಲ್ಲಿಂದ ಬಂತು ಅನ್ನೋದು ಅದರಲ್ಲಿಲ್ಲ.

ಹಾಗಾದರೆ ಏನು ಮಾಡಬೇಕು? ನನಗೆ ಇದು ಬರೀ ಚರ್ಚೆಯ ವಿಷಯವಲ್ಲ. ಬೆಂಗಳೂರಿನ ಫ್ಲಾಟಿಗೆ ದೇವರ ಮೂಲೆ ಮಾಡುವಾಗ ಶಂಖ ಒಂದು ಬೇಕು ಅಂತಾಯಿತು. ಆನ್‌ಲೈನಿನಲ್ಲಿ ಬೇಕಾದಷ್ಟಿವೆ. ‘ಟಿಬೆಟಿಯನ್ ಶೈಲಿ’ಯ ಹಿತ್ತಾಳೆ ಹೊದಿಸಿದವು, ಹರಳು ಕೂರಿಸಿದವು, ಲಕ್ಷಗಟ್ಟಲೆ ಬೆಲೆಯ ‘ಬಲಮುರಿ’ಗಳೂ ಇವೆ. ಬಲಮುರಿ ನಿಜಕ್ಕೂ ಅತಿ ಅಪರೂಪ. ಹಾಗಾಗಿ ಅಮೆರಿಕದ ಕಡಲಿನ, ಸಹಜವಾಗಿಯೇ ಆ ಕಡೆಗೆ ಸುತ್ತುವ ಬೇರೊಂದು ಜಾತಿಯ ಚಿಪ್ಪನ್ನು ಬಲಮುರಿ ಅಂತ ಮಾರುವವರೂ ಇದ್ದಾರೆ. ತಮಾಷೆ ಅಂದರೆ, ನಾವು ಬಲಮುರಿ ಅನ್ನೋದನ್ನು ಜೀವಶಾಸ್ತ್ರದವರು ಎಡಸುರುಳಿ ಅನ್ನುತ್ತಾರೆ. ಅವರು ಚೂಪು ಸುರುಳಿಯ ತುದಿ ಮೇಲೆ ಮಾಡಿ ಹಿಡಿಯುತ್ತಾರೆ, ನಾವು ಬುಡಮೇಲು ಹಿಡಿಯುತ್ತೇವೆ.

ವಾನಳ್ಳಿಯ ಮನೆಗೆ ಫೋನ್ ಮಾಡಿ ಹೇಳಿದಾಗ ಆಯಿ ಅಂದದ್ದು ಇಷ್ಟೇ. “ಹೊಸಾದು ಎಂತಕ್ಕೆ ತಮಾ? ಮನೇಲಿ ಎರಡು ಇದ್ದಲಾ.” ಅದರೊಳಗೆ ಒಂದು ಜೀವ ಇತ್ತು ಅನ್ನೋದು ಗೊತ್ತಾ ಅಂತ ಕೇಳಿದೆ. “ಗೊತ್ತಿದ್ದು. ಅದಕ್ಕೇ ದಿನಾ ತೊಳದು ಹೂ ಏರಿಸದು. ಪುಕ್ಕಟೆ ಬಂದದ್ದಲ್ಲ ಅದು.”

ಪೂಜೆಯಲ್ಲಿ ದೇವರಿಗಿಂತ ಮೊದಲು ಶಂಖಕ್ಕೇ ಗಂಧ ಹೂವು ಏರಿಸಿ ಪೂಜೆ ಮಾಡೋ ಕ್ರಮವಿದೆ. ಅದಕ್ಕೆ ಶಾಸ್ತ್ರದಲ್ಲಿ ಬೇರೆ ಬೇರೆ ಕಾರಣ ಹೇಳುತ್ತಾರೆ. ಆಯಿ ಹೇಳಿದ ಕಾರಣ ಯಾವ ಶಾಸ್ತ್ರದಲ್ಲಿದೆಯೋ ಏನೋ, ಆದರೆ ನನಗೆ ಬೇಕಾಗಿದ್ದ ಒಂದು ಶಬ್ದದ ಹತ್ತಿರ ಅದು ಕರೆದುಕೊಂಡು ಹೋಯಿತು. ಅದು ಋಣ. ನಾವು ಇಂಥ ಪ್ರಶ್ನೆ ಬಂದ ಕೂಡಲೇ ‘ಪಾಪವೋ ಅಲ್ಲವೋ’ ಅಂತ ಶುರು ಮಾಡುತ್ತೇವೆ. ಪಾಪ ಅಂದರೆ ಒಂದೋ ಇದೆ, ಇಲ್ಲಾ ಇಲ್ಲ. ಇದೆ ಅಂದರೆ ಶಂಖ ಬಿಸಾಡಬೇಕು, ಇಲ್ಲ ಅಂದರೆ ಮತ್ತೆ ಯೋಚಿಸಬೇಕಾಗಿಲ್ಲ. ಋಣ ಹಾಗಲ್ಲ. ಬಿಸಾಡಿದರೂ ತೀರೋದಿಲ್ಲ, ಇಟ್ಟುಕೊಂಡರೂ ಮರೆಯೋ ಹಾಗಿಲ್ಲ. ಹೊಸ ಸಾಲ ಮಾಡೋ ಮುಂಚೆ ಹಳೆಯದನ್ನು ನೆನಪಿಸುತ್ತದೆ.

‘ಹಾಗಾದರೆ ಹಿಂದಿನವರು ಮಾಡಿಕೊಂಡು ಬಂದದ್ದನ್ನು ಬಿಟ್ಟುಬಿಡೋದಾ?’ ಅಂತ ಕೆಲವರು ಕೇಳಬಹುದು. ಟಿಬೆಟಿಯನ್ನರದೇ ಒಂದು ಉದಾಹರಣೆ ಇದೆ. ಹಬ್ಬದ ಅಂಗಿಗಳಿಗೆ ಹುಲಿ, ಚಿರತೆ, ನೀರುನಾಯಿಯ ಚರ್ಮದ ಅಂಚು ಹಚ್ಚೋದು ಅವರಲ್ಲಿ ಸಿರಿವಂತಿಕೆಯ ಗುರುತಾಗಿತ್ತು. 2006ರ ಜನವರಿಯಲ್ಲಿ ಆಂಧ್ರದ ಅಮರಾವತಿಯ ಕಾಲಚಕ್ರ ಸಮಾರಂಭದಲ್ಲಿ ದಲೈ ಲಾಮಾ, ಇದನ್ನು ನೋಡಿ ನಾಚಿಕೆಯಾಗುತ್ತದೆ, ಬಿಡಿ ಅಂತ ಹೇಳಿದರು. ಕೆಲವೇ ವಾರಗಳಲ್ಲಿ ಟಿಬೆಟಿನ ಊರುಗಳಲ್ಲಿ ಜನ ಬೆಲೆಬಾಳುವ ಚರ್ಮಗಳನ್ನು ರಾಶಿ ಹಾಕಿ ಸುಟ್ಟರು. ಸಂಪ್ರದಾಯ ಅನ್ನೋದು ಕಲ್ಲಲ್ಲ, ಕಾರಣ ಗೊತ್ತಾದರೆ ಜನ ಒಂದೇ ಚಳಿಗಾಲದಲ್ಲಿ ಬದಲಾಗುತ್ತಾರೆ.

ಹಾಗಂತ ಶಂಖಗಳನ್ನೂ ಒಡೆದು ಹಾಕಬೇಕಾ? ನನಗೆ ಹಾಗನ್ನಿಸೋದಿಲ್ಲ. ಹುಲಿಚರ್ಮ ಸುಟ್ಟದ್ದು ಸತ್ತ ಹುಲಿಗಾಗಿ ಅಲ್ಲ, ಇನ್ನೂ ಬದುಕಿರುವ ಹುಲಿಗಳಿಗಾಗಿ. ‘ಇನ್ನು ನಮಗೆ ಬೇಡ’ ಅನ್ನೋದು ಮಾರುವವನಿಗೆ ಕೇಳಬೇಕಿತ್ತು. ಹಳೆಯ ಶಂಖವನ್ನು ಇಟ್ಟುಕೊಂಡು ಹೊಸದನ್ನು ಕೊಳ್ಳದೇ ಇದ್ದರೂ ಮಾರುವವನಿಗೆ ಅದೇ ಮಾತು ಕೇಳುತ್ತದೆ. ಅಷ್ಟೂ ದಿನ ತೊಳೆದು, ಊದಿ, ಕೈಯಿಂದ ಕೈಗೆ ದಾಟಿಸಿದ ಶಂಖಕ್ಕೆ ನೆನಪಿನ ಕೆಲಸವೂ ಇದೆ.

ದೇವರ ಪೆಟ್ಟಿಗೆಯಲ್ಲಿ ಅದರ ಪಕ್ಕದಲ್ಲೇ ಇರುವ ಸಾಲಿಗ್ರಾಮವನ್ನು ನೋಡಿ. ಅದೂ ಚಿಪ್ಪೇ. ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಅಮೊನೈಟ್ ಎಂಬ ಸಮುದ್ರಜೀವಿಯ ಪಳೆಯುಳಿಕೆ. ಹಿಮಾಲಯ ಏಳುವ ಮುಂಚೆ ಅಲ್ಲಿದ್ದ ಟೆಥಿಸ್ ಸಮುದ್ರದ್ದು. ಅಮೊನೈಟುಗಳ ಕುಲವೇ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಅಳಿಯಿತು. ದಕ್ಷಿಣದ ಸಮುದ್ರದ ಚಿಪ್ಪು ಹಿಮಾಲಯಕ್ಕೆ ಹತ್ತಿತು, ಹಿಮಾಲಯದ ಸಮುದ್ರದ ಚಿಪ್ಪು ನಮ್ಮ ಅಡಿಕೆ ತೋಟದ ಮನೆಗೆ ಇಳಿಯಿತು. ಎರಡಕ್ಕೂ ಒಂದೇ ಗಂಧ, ಒಂದೇ ತುಳಸಿ. ಆದರೆ ಒಂದನ್ನು ಯಾರೂ ಕೊಲ್ಲಲಿಲ್ಲ, ಇನ್ನೊಂದನ್ನು ಕೊಂದರು. ಆದ್ದರಿಂದ ‘ಎಲ್ಲವೂ ಪ್ರಾಣಿಯದ್ದೇ, ಏನು ಮಹಾ’ ಅಂತ ಕೈತೊಳೆದುಕೊಳ್ಳೋದು ಸರಿಯಲ್ಲ. ಪ್ರಾಣಿಯದ್ದು ಅನ್ನೋದಕ್ಕಿಂತ ಅದು ನಮ್ಮ ಕೈಗೆ ಹೇಗೆ ಬಂತು ಅನ್ನೋದು ಮುಖ್ಯ.

ಟಿಬೆಟಿಯನ್ನರಲ್ಲೇ ಇನ್ನೊಂದು ವಾದ್ಯವಿದೆ, ಕಂಗ್‌ಲಿಂಗ್. ಮನುಷ್ಯನ ತೊಡೆಯ ಎಲುಬಿನಿಂದ ಮಾಡಿದ ಕಹಳೆ. ‘ಛೋದ್’ ಎಂಬ ಸಾಧನೆಯಲ್ಲಿ ಅದನ್ನು ಊದುತ್ತಾರೆ. ಕೇಳೋಕೆ ಭಯಂಕರ ಅನ್ನಿಸಬಹುದು. ಆದರೆ ಅದನ್ನು ಬಾಯಿಗಿಟ್ಟವನಿಗೆ ಇದು ಒಬ್ಬ ಮನುಷ್ಯನ ಕಾಲಾಗಿತ್ತು ಅನ್ನೋದು ಒಂದು ಕ್ಷಣವೂ ಮರೆಯೋದಿಲ್ಲ. ನಾನೂ ಹೀಗೇ ಆಗುವವನು ಅಂತ ನೆನಪಿಸೋದೇ ಅದರ ಕೆಲಸ. ಒಂದೇ ಪರಂಪರೆಯ ಎರಡು ವಾದ್ಯಗಳಲ್ಲಿ ಒಂದು ತಾನು ಯಾರ ದೇಹ ಅನ್ನೋದನ್ನು ಬಚ್ಚಿಡೋದಿಲ್ಲ, ಇನ್ನೊಂದು ಬೆಳ್ಳಿ ಹೊದ್ದುಕೊಂಡು ಮರೆಸಿಬಿಡುತ್ತದೆ. ಕಂಗ್‌ಲಿಂಗನ್ನು ನೋಡೋ ಕಣ್ಣಿನಲ್ಲಿ ಶಂಖವನ್ನೂ ನೋಡೋಕೆ ಸಾಧ್ಯವಾದರೆ ನನ್ನ ಮೊದಲಿನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದ ಹಾಗೆ.

ಉಳಿದರ್ಧ ಕೊಳ್ಳುವಾಗಿನದು. ಹೊಸ ಶಂಖ ನಾನು ಕೊಳ್ಳಲಿಲ್ಲ. ಅದರಿಂದ ಮನ್ನಾರ್ ಕೊಲ್ಲಿಯಲ್ಲಿ ಏನೂ ಬದಲಾಗಿರಲಿಕ್ಕಿಲ್ಲ, ಅಷ್ಟು ಭ್ರಮೆಯೂ ನನಗಿಲ್ಲ. ಮುಳುಗಿ ತರುವವನ ಹೊಟ್ಟೆಪಾಡನ್ನು ಬೆಂಗಳೂರಿನಲ್ಲಿ ಕೂತು ಖಂಡಿಸೋ ಅಧಿಕಾರವೂ ಇಲ್ಲ. ಅವನು ಬೇಡಿಕೆಗೆ ತಕ್ಕ ಹಾಗೆ ಮುಳುಗುತ್ತಾನೆ, ಬೇಡಿಕೆ ನಮ್ಮದು. ಮನೆಯಲ್ಲಿ ಒಂದಿರುವಾಗ ಚಂದಕ್ಕೆ ಅಂತ ಇನ್ನೊಂದು, ಶೋಕೇಸಿಗೆ ಅಂತ ಮತ್ತೊಂದು, ಅದೃಷ್ಟಕ್ಕೆ ಅಂತ ಬಲಮುರಿ ಅನ್ನೋದನ್ನಾದರೂ ನಿಲ್ಲಿಸಬಹುದು. ಇದು ಶಂಖಕ್ಕೆ ಮಾತ್ರ ಅಲ್ಲ ಅಂತ ನಿಮಗೆ ಆಗಲೇ ಅನ್ನಿಸಿರಬೇಕು. ಪಟ್ಟೆ ಮಡಿ, ಚಂಡೆ ಮದ್ದಳೆಯ ಚರ್ಮ, ಕಾಲಿನ ಶೂ, ಕೈಯಲ್ಲಿರೋ ಫೋನು, ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರೋ ಚೀಲ, ಎಲ್ಲದರ ಒಳಗೂ ಒಬ್ಬರು ಇದ್ದಾರೆ ಅಥವಾ ಇದ್ದರು. ಎಲ್ಲದರ ಲೆಕ್ಕ ಹಿಡಿಯೋಕೆ ಹೊರಟರೆ ಬದುಕೋದೇ ಕಷ್ಟ. ಒಂದರ ಲೆಕ್ಕವನ್ನಾದರೂ ನಿಯತ್ತಿನಿಂದ ಹಿಡಿದವನಿಗೆ ಎರಡನೆಯದನ್ನು ಕೇಳುವ ಅಭ್ಯಾಸವಾಗುತ್ತದೆ ಅನ್ನೋದು ನನ್ನ ನಂಬಿಕೆ.

ಕೊಂದು ತಂದ ಬಾಯಿಂದ ಅಹಿಂಸೆಯ ಮಾತು ಬರಬಹುದಾ ಅಂದರೆ, ಬರಬಹುದು ಅಂತಲೇ ನಾನು ಹೇಳುತ್ತೇನೆ. ಊದುವವನಿಗೆ ಅದು ಯಾರ ಬಾಯಿ ಅಂತ ಗೊತ್ತಿರಬೇಕು, ಅಷ್ಟೇ. ಇಂದ್ರನ ಶಂಖ ‘ಮಾತಾಡು, ಕೇಳುತ್ತೇನೆ’ ಅಂದಿತ್ತಲ್ಲ. ಸಮುದ್ರದ ತಳದಲ್ಲಿದ್ದ ಆ ಮೂಕ ಜೀವಕ್ಕೂ ನಾವು ಅದೇ ಮಾತನ್ನು ಹೇಳಬೇಕಿತ್ತು.